ದಂಡಿನ ಬಯಲು, ಊರಿನ ಜನ

ಬೆಂಗಳೂರಿನ ಮಾಣೆಕ್‌ಷಾ ಪರೇಡ್ ಮೈದಾನದೊಳಗೆ ಕಾಲಿಡುವ ಅವಕಾಶ ಸಾಮಾನ್ಯ ಜನರಿಗೆ ವರ್ಷಕ್ಕೆ ಎರಡು ಸಲ ಖಾತ್ರಿ: ಜನವರಿ 26ಕ್ಕೊಮ್ಮೆ, ಆಗಸ್ಟ್ 15ಕ್ಕೊಮ್ಮೆ. ಉಳಿದ ದಿನಗಳಲ್ಲಿ ಎಂ.ಜಿ. ರಸ್ತೆಯ ಮೆಟ್ರೊ ನಿಲ್ದಾಣದ ಮೇಲಿಂದ ಆ ಬಯಲನ್ನು ನೋಡಬಹುದು, ಅಷ್ಟೇ. ನಗರದ ನಟ್ಟನಡುವೆ, ಚದರಡಿಗೆ ಚಿನ್ನದ ಬೆಲೆ ಇರುವ ಕಡೆ, ಇಷ್ಟಗಲ ಹಸಿರು ಉಳಿದಿದ್ದೇ ಅದು ಸೇನೆಯ ಕೈಯಲ್ಲಿರುವುದರಿಂದ ಎನ್ನುತ್ತಾರೆ ಕೆಲವರು. ಇದ್ದೂ ಇಲ್ಲದಂಥ ಹಸಿರು ಎನ್ನುತ್ತಾರೆ ಇನ್ನು ಕೆಲವರು. ಇಬ್ಬರ ಮಾತೂ ಸುಳ್ಳಲ್ಲ.

ದಂಡು ಬೀಡುಬಿಟ್ಟ ಊರುಗಳಲ್ಲೆಲ್ಲ ಈ ತಕರಾರು ಇದ್ದದ್ದೇ. ಬೇಲಿಯ ಒಳಗೆ ಆಟದ ಮೈದಾನ, ಈಜುಕೊಳ, ಗಾಲ್ಫ್ ಕೋರ್ಸ್, ಜಿಮ್, ಕ್ಲಬ್. ಕೆಲವೆಡೆ ಕೆರೆಯ ದಂಡೆ, ಕೆಲವೆಡೆ ಕಡಲ ತೀರವೇ. ಬೇಲಿಯ ಹೊರಗೆ, ಚೆಂಡು ಒದೆಯಲು ಜಾಗವಿಲ್ಲದೆ ರಸ್ತೆಯಲ್ಲೇ ವಿಕೆಟ್ ನೆಟ್ಟು ಆಡುವ ಮಕ್ಕಳು. ನಮಗೂ ಒಂದಿಷ್ಟು ಬಿಡಿ ಎಂದು ಕೇಳಿದರೆ ಬರುವ ಉತ್ತರ ಒಂದೇ: ಭದ್ರತೆ. ಆ ಉತ್ತರವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೆ ನಮ್ಮ ದೇಶದ, ಹೊರದೇಶಗಳ ಉದಾಹರಣೆಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಬೇರೆಯೇ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಸೇನೆಯ ಗೇಟು ನಾಗರಿಕರಿಗೆ ಪೂರ್ತಿ ಮುಚ್ಚಿದ್ದೇ ಇಲ್ಲ. ದುಡ್ಡಿದ್ದವರಿಗೆ, ಪರಿಚಯ ಇದ್ದವರಿಗೆ ಅದು ಮೊದಲಿನಿಂದಲೂ ತೆರೆದೇ ಇತ್ತು. ಹಾಗಾಗಿ ಕೇಳಬೇಕಾದದ್ದು ತೆರೆಯಬೇಕೇ ಬೇಡವೇ ಎಂದಲ್ಲ. ಯಾರಿಗೆ, ಯಾವಾಗ, ಯಾರ ಲೆಕ್ಕದಲ್ಲಿ ಎಂದು.

ಮೊದಲು ನೆಲದ ವಿಚಾರ. ಭಾರತದ ರಕ್ಷಣಾ ಇಲಾಖೆಯ ಹೆಸರಿನಲ್ಲಿ ಸುಮಾರು 18 ಲಕ್ಷ ಎಕರೆ ಭೂಮಿ ಇದೆ. ಅದರಲ್ಲಿ ಕ್ಯಾಂಟೋನ್ಮೆಂಟ್‌ಗಳ ಒಳಗಿರುವುದು 1.6 ಲಕ್ಷ ಎಕರೆಯಷ್ಟು ಮಾತ್ರ. ಉಳಿದದ್ದೆಲ್ಲ ಹೊರಗಿನ ಮಿಲಿಟರಿ ಸ್ಟೇಷನ್, ತರಬೇತಿ ಪ್ರದೇಶ, ವಾಯುನೆಲೆ, ಫೈರಿಂಗ್ ರೇಂಜ್. ಕ್ಯಾಂಟೋನ್ಮೆಂಟ್ ಎಂದರೆ ಸೇನೆಯ ಜಾಗ ಮಾತ್ರವಲ್ಲ, ಅಲ್ಲಿ ನಾಗರಿಕರೂ ವಾಸಿಸುತ್ತಾರೆ, ಅವರಿಗೆ ಒಂದು ಮಂಡಳಿ ಇರುತ್ತದೆ, 2006ರ ಕಾಯ್ದೆ ಇದೆ. ಕರ್ನಾಟಕದಲ್ಲಿ ಅಂಥ ಮಂಡಳಿ ಇರುವುದು ಬೆಳಗಾವಿಯಲ್ಲಿ ಮಾತ್ರ. ಬೆಂಗಳೂರಿನ ದಂಡು 1809ರಲ್ಲಿ ಶುರುವಾಗಿ, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಆಗಿ ಬೆಳೆದು, 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿತು. ಹೆಸರು ಮಾತ್ರ ರೈಲು ನಿಲ್ದಾಣದ ಬೋರ್ಡಿನಲ್ಲಿ ಉಳಿಯಿತು. ಇದರ ಫಲವಾಗಿ ಬೆಂಗಳೂರಿನವರಿಗೆ ಸೇನೆಯೊಡನೆ ಕೂತು ಮಾತಾಡಲು ಕ್ಯಾಂಟೋನ್ಮೆಂಟ್ ಮಂಡಳಿಯಂಥ ಒಂದು ಮೇಜೇ ಇಲ್ಲ. ರಸ್ತೆ ಅಗಲ ಮಾಡಲು ಒಂದಿಷ್ಟು ಗುಂಟೆ ಬೇಕಾದರೂ ಕಡತ ದೆಹಲಿಗೆ ಹೋಗಿ ಬರಬೇಕು. ಆಟದ ಮೈದಾನ ಕೇಳಲು ಇನ್ಯಾರ ಬಳಿ ಹೋಗುವುದು?

ಇನ್ನು ದುಡ್ಡಿನ ವಿಚಾರ. ರಕ್ಷಣಾ ಇಲಾಖೆಯ ಆಸ್ತಿ ನಿರ್ವಹಣೆಯ ಬಗ್ಗೆ ಸಿಎಜಿ ಸಲ್ಲಿಸಿದ 2010-11ರ 35ನೇ ವರದಿಯನ್ನು ಈ ವಿಷಯದಲ್ಲಿ ಆಸಕ್ತಿ ಇರುವವರೆಲ್ಲ ಓದಬೇಕು. ಭೂಸೇನೆ 97 ಗಾಲ್ಫ್ ಕೋರ್ಸ್‌ಗಳನ್ನು 8 ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ನಡೆಸುತ್ತಿದೆ ಎಂದು ಅದು ಲೆಕ್ಕ ಕೊಟ್ಟಿತು. ಆ ನೆಲವೆಲ್ಲ ‘ಎ-1’ ದರ್ಜೆಯದು, ಅಂದರೆ ಸೈನಿಕ ಉದ್ದೇಶಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಳಸಬಾರದ್ದು. ಕಾಗದದಲ್ಲಿ ಅವು ಗಾಲ್ಫ್ ಕೋರ್ಸ್‌ಗಳೂ ಅಲ್ಲ, ಪರಿಸರ ಉದ್ಯಾನ ಮತ್ತು ತರಬೇತಿ ಕ್ಷೇತ್ರಗಳು. ನಡೆಸುವುದು ಒಂದು ಖಾಸಗಿ ನೋಂದಾಯಿತ ಸೊಸೈಟಿ. ಸೇನೆಗೆ ಸಂಬಂಧವಿಲ್ಲದವರಿಗೂ ಅಲ್ಲಿ ಆಡಲು ಅವಕಾಶ ಕೊಟ್ಟು ಶುಲ್ಕ ಪಡೆಯಲಾಗುತ್ತಿತ್ತು. ಆ ಹಣ ಸರ್ಕಾರದ ಖಜಾನೆಗೆ ಹೋಗದೆ ರೆಜಿಮೆಂಟಲ್ ಫಂಡ್‌ನಲ್ಲಿ ಉಳಿಯುತ್ತಿತ್ತು ಎಂಬುದು ಸಿಎಜಿಯ ಆಕ್ಷೇಪ.

ಈ ಆಕ್ಷೇಪವನ್ನು ಪತ್ರಿಕೆಗಳು ಹಣಕಾಸಿನ ಅಕ್ರಮವೆಂದು ಓದಿದವು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ. ಭದ್ರತೆಯ ಕಾರಣಕ್ಕೆ ಶಾಲೆಯ ಹುಡುಗರನ್ನು ಒಳಗೆ ಬಿಡುವುದಿಲ್ಲ ಎನ್ನುವ ವ್ಯವಸ್ಥೆಯೇ, ಗಾಲ್ಫ್ ಕಿಟ್ ಹೊತ್ತ ಉದ್ಯಮಿಯನ್ನು ಬೆಳಗಿನ ಜಾವ ಒಳಗೆ ಬಿಡುತ್ತದೆ. ಹಾಗಾದರೆ ಹೊರಗಿನವರನ್ನು ಪರಿಶೀಲಿಸಿ, ಹೆಸರು ಬರೆದುಕೊಂಡು, ಗೊತ್ತುಮಾಡಿದ ಜಾಗಕ್ಕಷ್ಟೇ ಬಿಡುವ ಏರ್ಪಾಡು ಅಸಾಧ್ಯವೇನಲ್ಲ ಎಂದಾಯಿತು. ಅದು ಈಗಾಗಲೇ ನಡೆಯುತ್ತಿದೆ, ಕೆಲವರಿಗಾಗಿ.

ಅಮೆರಿಕದಲ್ಲಿ ಇದೇ ಸಂಗತಿ ಮುಚ್ಚುಮರೆಯಿಲ್ಲದೆ ನಡೆಯುತ್ತದೆ. ಅಲ್ಲಿ ಸೇನಾನೆಲೆಯ ಮನರಂಜನಾ ಸೌಲಭ್ಯಗಳನ್ನು ಎ, ಬಿ, ಸಿ ಎಂದು ಮೂರು ದರ್ಜೆ ಮಾಡಿದ್ದಾರೆ. ಜಿಮ್, ಗ್ರಂಥಾಲಯಗಳಂಥವು ಎ ದರ್ಜೆ. ಸೈನಿಕನನ್ನು ಸಜ್ಜಾಗಿಡಲು ಬೇಕಾದವು, ಆದ್ದರಿಂದ ತೆರಿಗೆ ಹಣದಲ್ಲಿ ನಡೆಯುತ್ತವೆ. ಮಕ್ಕಳ ಆರೈಕೆ ಕೇಂದ್ರದಂಥವು ಬಿ. ಗಾಲ್ಫ್, ಬೌಲಿಂಗ್, ಕ್ಲಬ್, ದೋಣಿಕಟ್ಟೆ ಇವೆಲ್ಲ ಸಿ ದರ್ಜೆ; ಇವು ತಮ್ಮ ಖರ್ಚನ್ನು ತಾವೇ ದುಡಿದುಕೊಳ್ಳಬೇಕು. ಸೈನಿಕರ ಸಂಖ್ಯೆ ಇಳಿದ ನೆಲೆಗಳಲ್ಲಿ ಗಾಲ್ಫ್ ಕೋರ್ಸಿಗೆ ಗಿರಾಕಿ ಸಾಲದಾದಾಗ ಕಮಾಂಡರ್‌ಗಳು ಊರಿನವರಿಗೆ ಬಾಗಿಲು ತೆರೆದರು. ಜನರ ಮೇಲಿನ ಅಕ್ಕರೆಯಿಂದ ಅಂತೇನೂ ಅಲ್ಲ, ಹುಲ್ಲು ಕತ್ತರಿಸುವ ಖರ್ಚು ಹುಟ್ಟಬೇಕಿತ್ತು. ಅದಕ್ಕೆ ತಕರಾರು ಬಂದದ್ದೂ ಭದ್ರತೆಯ ಕಡೆಯಿಂದಷ್ಟೇ ಅಲ್ಲ, ಅಕ್ಕಪಕ್ಕದಲ್ಲಿ ಖಾಸಗಿ ಗಾಲ್ಫ್ ಕೋರ್ಸ್, ಬೌಲಿಂಗ್ ಅಂಗಡಿ ನಡೆಸುವವರಿಂದ. ನೆಲಕ್ಕೆ ಬಾಡಿಗೆ ಕೊಡದ ಸರ್ಕಾರಿ ಮೈದಾನ ಕಡಿಮೆ ದರಕ್ಕೆ ಬಿಟ್ಟರೆ ನಾವು ಬದುಕುವುದು ಹೇಗೆ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ.

ಅಮೆರಿಕದ್ದು ಮಾದರಿ ವ್ಯವಸ್ಥೆ ಎಂದು ನಾನು ಹೇಳುತ್ತಿಲ್ಲ. ಆ ಲೆಕ್ಕದಲ್ಲಿ ಹೊರಗಿನವರಿಗೆ ಮೊದಲು ತೆರೆಯುವುದು ದುಡ್ಡು ಹುಟ್ಟುವ ಜಾಗ; ಊರಿನ ಬಡ ಮಕ್ಕಳಿಗೆ ಬೇಕಾದ ಗ್ರಂಥಾಲಯ, ಜಿಮ್ ಕೊನೆಗೂ ತೆರೆಯುವುದಿಲ್ಲ. ಆದರೂ ಒಂದು ಮಾತು ಒಪ್ಪಬೇಕು. ಯಾವ ಸೌಲಭ್ಯ ಯಾವ ದರ್ಜೆಯದು, ಅದಕ್ಕೆ ಯಾರ ಹಣ, ಯಾರು ಬಳಸಬಹುದು ಎಂಬುದು ಬರೆದಿಟ್ಟ ನಿಯಮದಲ್ಲಿದೆ, ಬೇಕಾದವರು ಓದಬಹುದು. 2020ರ ಜನವರಿ 1ರಿಂದ ಅಂಗವಿಕಲ ಮಾಜಿ ಸೈನಿಕರಿಗೂ ಅವರ ಆರೈಕೆ ಮಾಡುವವರಿಗೂ ನೆಲೆಗಳ ಅಂಗಡಿ, ಮನರಂಜನಾ ಸೌಲಭ್ಯಗಳ ಬಾಗಿಲು ತೆರೆದದ್ದು ಯಾವುದೋ ಕಮಾಂಡರ್ ಮನಸ್ಸು ಮಾಡಿದ್ದರಿಂದಲ್ಲ, ಕಾನೂನು ಮಾಡಿದ್ದರಿಂದ.

ಬ್ರಿಟನ್ನಿನ ದಾರಿ ಇನ್ನೊಂದು ಬಗೆಯದು, ನನಗೆ ಹೆಚ್ಚು ಹಿಡಿಸಿದ್ದೂ ಅದೇ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲಲ್‌ವರ್ತ್‌ನಲ್ಲಿ ಟ್ಯಾಂಕ್ ಗುಂಡು ಹಾರಿಸುವ ದೊಡ್ಡ ರೇಂಜ್ ಇದೆ. ಅದರೊಳಗೆ ಟೈನಮ್ ಎಂಬ ಹಳ್ಳಿ. 1943ರ ಡಿಸೆಂಬರಿನಲ್ಲಿ ಯುದ್ಧದ ತಯಾರಿಗೆಂದು ಊರಿನವರನ್ನೆಲ್ಲ ಎಬ್ಬಿಸಿದರು, ಮತ್ತೆ ಅವರು ಬರಲೇ ಇಲ್ಲ. ಇಂದು ಬಹುತೇಕ ವಾರಾಂತ್ಯಗಳಲ್ಲಿ ಆ ಹಳ್ಳಿಗೂ ಸುತ್ತಲಿನ ಗುಡ್ಡ, ಕಡಲ ದಾರಿಗೂ ಜನ ನಡೆದುಹೋಗಬಹುದು. ಕೆಂಪು ಬಾವುಟ ಹಾರುತ್ತಿದ್ದರೆ ಫೈರಿಂಗ್ ಇದೆ, ಹೋಗುವಂತಿಲ್ಲ. ಬಾವುಟ ಇಳಿದಿದ್ದರೆ ಹೋಗಬಹುದು, ಆದರೆ ಹಳದಿ ಗೂಟಗಳ ನಡುವಿನ ದಾರಿ ಬಿಟ್ಟು ಅತ್ತಿತ್ತ ಕಾಲಿಡಬಾರದು. ಸಿಡಿಯದೆ ಉಳಿದ ಗುಂಡು ಮಣ್ಣಿನಲ್ಲಿ ಇರಬಹುದು. ತೆರೆಯುವ ದಿನಗಳ ಪಟ್ಟಿಯನ್ನು ಮೊದಲೇ ಪ್ರಕಟಿಸುತ್ತಾರೆ. ಇಲ್ಲಿ ಕರ್ನಲ್ ಸಾಹೇಬರ ಪರಿಚಯ ಬೇಕಿಲ್ಲ, ಮೆಂಬರ್‌ಶಿಪ್ ಬೇಕಿಲ್ಲ. ಬಾವುಟಕ್ಕೆ ಮಂತ್ರಿಯೂ ಒಂದೇ, ಕುರಿ ಕಾಯುವವನೂ ಒಂದೇ.

ಹೀಗೆ ಹೇಳುವಾಗ ನಮ್ಮಲ್ಲೇ ಇರುವ ಇದಕ್ಕಿಂತ ದೊಡ್ಡ ಉದಾಹರಣೆಯನ್ನು ಮರೆಯುವುದುಂಟು. ಕೋಲ್ಕತ್ತದ ಮೈದಾನ ಸೇನೆಯ ಆಸ್ತಿ. ಹದಿನೆಂಟನೇ ಶತಮಾನದಲ್ಲಿ ಹೊಸ ಫೋರ್ಟ್ ವಿಲಿಯಂ ಕಟ್ಟುವಾಗ, ಕೋಟೆಯ ಫಿರಂಗಿಗೆ ಅಡ್ಡ ಬರಬಾರದೆಂದು ಕಾಡು ಕಡಿದು, ಹಳ್ಳಿ ಎಬ್ಬಿಸಿ ಮಾಡಿದ ಬಯಲು ಅದು. ಸುಮಾರು 400 ಹೆಕ್ಟೇರ್. ಇಂದಿಗೂ ಅದರ ಉಸ್ತುವಾರಿ ಪೂರ್ವ ಕಮಾಂಡಿನದು. ಆದರೆ ಅಲ್ಲಿಗೆ ಹೋಗಿ ನೋಡಿ. ಒಂದೇ ಹುಲ್ಲಿನ ಮೇಲೆ ನಾಲ್ಕಾರು ಕ್ರಿಕೆಟ್ ಪಂದ್ಯ, ಒಬ್ಬರ ಬೌಂಡರಿ ಇನ್ನೊಬ್ಬರ ಪಿಚ್ಚು. ಪಕ್ಕದಲ್ಲಿ ಮೇಕೆ ಹಿಂಡು, ಜಟಕಾ ಕುದುರೆ, ಚುರುಮುರಿಯವನು, ಕೊಡೆ ಬಿಚ್ಚಿ ಕೂತ ಜೋಡಿಗಳು. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ಬುಗಳ ಟೆಂಟುಗಳು ನಿಂತಿರುವುದೂ ಈಡನ್ ಗಾರ್ಡನ್ಸ್ ಇರುವುದೂ ಸೇನೆಯ ನೆಲದ ಮೇಲೆ. ಒಂದು ಊರಿನ ಫುಟ್‌ಬಾಲ್ ಸಂಸ್ಕೃತಿಯೇ ಮಿಲಿಟರಿ ಬಯಲಿನಲ್ಲಿ ಬೆಳೆಯಿತು. ಅಲ್ಲಿನ ಸೇನೆಗೆ ಅದರಿಂದ ಭದ್ರತೆ ಕೆಟ್ಟಿತು ಎಂದು ಯಾರೂ ಹೇಳಿಲ್ಲ. ಕೋಟೆಯ ಗೋಡೆ ಕೋಟೆಗೆ, ಬಯಲು ಊರಿಗೆ.

ಅದೂ ಪೂರ್ತಿ ಸುಗಮವಾಗಿ ನಡೆದ ಕಥೆಯಲ್ಲ. ವರ್ಷವರ್ಷವೂ ಅಲ್ಲೇ ಸೇರುತ್ತಿದ್ದ ಪುಸ್ತಕ ಮೇಳ ಬಿಟ್ಟುಹೋದ ಕಸ, ಎಬ್ಬಿಸಿದ ಧೂಳು ನ್ಯಾಯಾಲಯದ ಮೆಟ್ಟಿಲೇರಿ, 2007ರಲ್ಲಿ ಕಲ್ಕತ್ತಾ ಹೈಕೋರ್ಟಿನ ಆದೇಶದ ಮೇಲೆ ಮೇಳ ಬೇರೆಡೆಗೆ ಹೋಗಬೇಕಾಯಿತು. ಪುಸ್ತಕಪ್ರಿಯರಿಗೆ ಬೇಸರವಾಯಿತು, ಹುಲ್ಲಿಗೆ ಜೀವ ಬಂತು. ತೆರೆದಿಡುವುದೆಂದರೆ ಯಾರು ಏನು ಬೇಕಾದರೂ ಮಾಡಬಹುದು ಎಂದಲ್ಲವಲ್ಲ.

ಇನ್ನೊಂದು ಕಡೆ, ಸೇನೆ ಜಾಗವನ್ನೇ ಬಿಟ್ಟುಕೊಟ್ಟರೆ ಏನಾಗುತ್ತದೆ? ಬೇಗ ಹೇಳಿ ಮುಗಿಸಬಹುದಾದ ಕೆಲವು ಉದಾಹರಣೆಗಳಿವೆ. ಸ್ಯಾನ್ ಫ್ರಾನ್ಸಿಸ್ಕೊದ ಪ್ರೆಸಿಡಿಯೊ ಸೇನಾನೆಲೆ 1994ರಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆಗೆ ಹೋಯಿತು. ನೂರು ವರ್ಷ ಅಧಿಕಾರಿಗಳೂ ಆಯ್ದ ಸದಸ್ಯರೂ ಆಡುತ್ತಿದ್ದ ಗಾಲ್ಫ್ ಮೈದಾನ ಮರುವರ್ಷವೇ ಎಲ್ಲರಿಗೂ ತೆರೆಯಿತು. ಸಿಯೋಲಿನ ಯೋಂಗ್‌ಸಾನ್ ನೆಲೆಯ ಗಾಲ್ಫ್ ಕೋರ್ಸ್ ಇದ್ದ ಜಾಗ 1992ರಲ್ಲಿ ಉದ್ಯಾನವಾಯಿತು, 2005ರಲ್ಲಿ ಅದರ ಬದಿಯಲ್ಲೇ ಕೊರಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಎದ್ದಿತು. ಇವು ಒಳ್ಳೆಯ ಸುದ್ದಿಗಳು. ಆದರೆ ಅದೇ ಯೋಂಗ್‌ಸಾನ್‌ನ ಇನ್ನೊಂದು ಭಾಗವನ್ನು 2022ರ ಜೂನ್‌ನಲ್ಲಿ ಜನರಿಗೆ ಪ್ರಾಯೋಗಿಕವಾಗಿ ತೆರೆದಾಗ ಪರಿಸರ ಸಂಘಟನೆಗಳು ಗೇಟಿನ ಮುಂದೆ ನಿಂತು ಬೇಡ ಎಂದವು. ದಶಕಗಳ ಕಾಲ ಸೋರಿದ ಇಂಧನ ಮಣ್ಣಿಗಿಳಿದಿದೆ, ಶುಚಿ ಮಾಡದೆ ಮಕ್ಕಳನ್ನು ಬಿಡಬೇಡಿ ಎಂಬುದು ಅವರ ವಾದ. ಜಪಾನಿನ ಒಕಿನಾವಾದಲ್ಲಿ ಅಮೆರಿಕನ್ನರು 2010ರಲ್ಲಿ ಮರಳಿಸಿದ ಅವಾಸೆ ಗಾಲ್ಫ್ ಕೋರ್ಸ್ 2015ರ ಹೊತ್ತಿಗೆ ಭಾರಿ ಶಾಪಿಂಗ್ ಮಾಲ್ ಆಗಿತ್ತು.

ಮಾಲ್ ಆಗುವ ಈ ಭಯ ನಮ್ಮಲ್ಲೂ ಇದೆ. ಸಿಕಂದರಾಬಾದಿನ ಬೈಸನ್ ಪೋಲೊ ಮೈದಾನವನ್ನು ಸೇನೆಯಿಂದ ಪಡೆದು ಅಲ್ಲಿ ಹೊಸ ಸಚಿವಾಲಯ ಕಟ್ಟುತ್ತೇವೆಂದು ತೆಲಂಗಾಣ ಸರ್ಕಾರ 2017ರಲ್ಲಿ ಹೊರಟಾಗ ಬೀದಿಗಿಳಿದವರು ಅಲ್ಲಿನ ಕ್ರೀಡಾಪ್ರಿಯರು, ಬೆಳಗ್ಗೆ ವಾಕಿಂಗ್ ಹೋಗುವವರು. ಸೇನೆಯ ಹತ್ತಿರವೇ ಇರಲಿ, ಸರ್ಕಾರಕ್ಕೆ ಕೊಡಬೇಡಿ ಎಂದರು ಅವರು! ಕೊನೆಗೆ ಸಚಿವಾಲಯ ಹಳೆಯ ಜಾಗದಲ್ಲೇ ಎದ್ದಿತು. ಬೆಂಗಳೂರಿನ ಕೆರೆಗಳು ಏನಾದವು ಎಂದು ಬಲ್ಲ ಯಾರಿಗಾದರೂ ಆ ಜನರ ಮನಸ್ಸು ಅರ್ಥವಾಗುತ್ತದೆ. ಆದ್ದರಿಂದ ನೆಲದ ಒಡೆತನ ಕೇಳುವುದಕ್ಕಿಂತ ಬಳಕೆಯ ಹಕ್ಕು ಕೇಳುವುದು ಜಾಣತನ.

ಕಡಲಿನ ಕಡೆ ಲೆಕ್ಕ ಬೇರೆ. ಕಾರವಾರದ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಅರಗಾ, ಚೆಂಡಿಯಾ ಸುತ್ತಿನ ಹಳ್ಳಿಗಳವರು ಗದ್ದೆ, ಮನೆಗಳ ಜೊತೆಗೆ ತೀರವನ್ನೂ ಬಿಟ್ಟು ಹೋದರು. ಸಾಯಂಕಾಲ ಮರಳಿನ ಮೇಲೆ ಕೂರುವುದು ಪೇಟೆಯವರಿಗೆ ಮನರಂಜನೆ. ಅಲ್ಲಿಯವರಿಗೆ ಅದು ದೋಣಿ ಎಳೆಯುವ, ಬಲೆ ಒಣಗಿಸುವ, ಮೀನು ಮಾರುವ ಅಂಗಳ. ಅದಕ್ಕೆ ಬದಲಾಗಿ ಊರಿಗೆ ಸಿಕ್ಕಿದ್ದು ಟಾಗೋರ್ ಕಡಲತೀರದಲ್ಲಿ ನಿಲ್ಲಿಸಿದ ಐಎನ್‌ಎಸ್ ಚಪಲ್ ಯುದ್ಧನೌಕೆಯ ಸಂಗ್ರಹಾಲಯ. ಶಾಲಾ ಪ್ರವಾಸದ ಮಕ್ಕಳಿಗೆ ಅದು ನಿಜಕ್ಕೂ ಖುಷಿಯ ಜಾಗ. ಆದರೆ ಕಳೆದುಕೊಂಡವರು ಮೀನುಗಾರರು, ಪಡೆದುಕೊಂಡವರು ಪ್ರವಾಸಿಗರು. ಎದುರಿನ ಅಂಜುದೀವ್ ದ್ವೀಪದ್ದೂ ಇದೇ ಪಾಡು. ಅಲ್ಲಿನ ಹಳೆಯ ಪೋರ್ಚುಗೀಸ್ ಇಗರ್ಜಿಯ ಹಬ್ಬಕ್ಕೆ ದೋಣಿಯಲ್ಲಿ ಹೋಗುತ್ತಿದ್ದ ಗೋವಾದ ಕ್ರೈಸ್ತರಿಗೆ ನೌಕಾಪಡೆ ಬಂದ ಮೇಲೆ ದಾರಿ ಮುಚ್ಚಿತು. ಜಲಾಂತರ್ಗಾಮಿ ಬಂದು ಹೋಗುವ ಬಂದರಿನ ಎದುರು ಜಾತ್ರೆ ನಡೆಸಲು ಬಿಡಿ ಎಂದು ಕೇಳುವುದು ಸುಲಭವಲ್ಲ, ಒಪ್ಪುತ್ತೇನೆ. ಆದರೆ ವರ್ಷಕ್ಕೊಂದೆರಡು ದಿನ, ಎಣಿಸಿದ ಜನ, ನೌಕಾಪಡೆಯದೇ ದೋಣಿ ಎಂಬಷ್ಟೂ ಆಗದೇ?

ಈಗ ಬೇಲಿಯ ಒಳಗಿನವರ ಮಾತು. 2016ರ ಜನವರಿಯಲ್ಲಿ ಪಠಾಣ್‌ಕೋಟ್, ಸೆಪ್ಟೆಂಬರಿನಲ್ಲಿ ಉರಿ ನೆಲೆಗಳ ಮೇಲೆ ಉಗ್ರರ ದಾಳಿ ನಡೆಯಿತು. ಆ ವರ್ಷದ ನಂತರ ದೇಶದ ಎಲ್ಲ ನೆಲೆಗಳೂ ಗೇಟು ಬಿಗಿ ಮಾಡಿದವು, ಅದರಲ್ಲಿ ತಪ್ಪು ಹುಡುಕಲಾಗದು. 2018ರ ಮೇ ತಿಂಗಳಲ್ಲಿ ರಕ್ಷಣಾ ಸಚಿವಾಲಯ 62 ಕ್ಯಾಂಟೋನ್ಮೆಂಟ್‌ಗಳ ಒಳಗೆ ಮುಚ್ಚಿದ್ದ ರಸ್ತೆಗಳನ್ನೆಲ್ಲ ತೆರೆಯಲು ಆದೇಶಿಸಿತು. ಆಗ ಸಚಿವೆಯಾಗಿದ್ದವರು ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದ ನಿರ್ಮಲಾ ಸೀತಾರಾಮನ್. ಕಾನೂನಿನ ದೃಷ್ಟಿಯಿಂದ ಆದೇಶ ಸರಿಯಾಗಿಯೇ ಇತ್ತು. 2006ರ ಕಾಯ್ದೆಯ 258ನೇ ಕಲಂ ಹೇಳುವ ವಿಧಾನ ಪಾಲಿಸದೆ ಎಷ್ಟೋ ರಸ್ತೆಗಳನ್ನು ಸ್ಥಳೀಯ ಅಧಿಕಾರಿಗಳು ಮುಚ್ಚಿದ್ದರು. ಆದರೆ ಅದಕ್ಕೆ ಜೋರಾಗಿ ವಿರೋಧ ಬಂದದ್ದು ಸೈನಿಕರ ಹೆಂಡತಿಯರಿಂದ. ಗಂಡ ಗಡಿಯಲ್ಲಿ, ತಾನು ಎರಡು ಮಕ್ಕಳೊಡನೆ ಕ್ವಾರ್ಟರ್ಸಿನಲ್ಲಿ ಇರುವ ಹೆಣ್ಣಿಗೆ ಮನೆಯ ಮುಂದಿನ ಶಾಂತ ರಸ್ತೆ ರಾತ್ರೋರಾತ್ರಿ ಊರಿನ ಬೈಪಾಸ್ ಆಗಿಬಿಟ್ಟರೆ ಹೇಗನ್ನಿಸೀತು? ಬೇರೆಯವರಿಗೆ ಬೇಲಿ ಕಾಣುವ ಕಡೆ ಅವಳಿಗೆ ಕಾಣುವುದು ಅಂಗಳ.

ಬೇಲಿಯ ಒಳಗೂ ಒಂದು ಬೇಲಿ ಇದೆಯೆಂಬುದನ್ನು ಈ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ಆಫೀಸರ್‌ಗಳ ಕ್ಲಬ್ ಬೇರೆ, ಜೆಸಿಒಗಳದು (ಜೂನಿಯರ್ ಕಮಿಷನ್ಡ್ ಆಫೀಸರ್‌ಗಳದು) ಬೇರೆ, ಜವಾನರದು ಬೇರೆ. ಗಾಲ್ಫ್ ಹೆಚ್ಚುಕಡಿಮೆ ಅಧಿಕಾರಿಗಳ ಆಟ. ಎಂಟು ಸಾವಿರ ಎಕರೆ ಹುಲ್ಲಿನ ಮೇಲೆ ಜವಾನನ ಮಗಳು ಶಟಲ್ ಆಡಿದ್ದು ಎಷ್ಟು ಎಂದು ಯಾವ ವರದಿಯೂ ಲೆಕ್ಕ ಹಾಕಿಲ್ಲ. ಊರಿನವರಿಗೆ ಬಾಗಿಲು ತೆರೆಯುವ ಮಾತು ಬಂದಾಗ ಅವಳನ್ನು ಸಾಲಿನ ಮೊದಲಿಗೆ ನಿಲ್ಲಿಸಬೇಕು.

ಕಮಾಂಡಿಂಗ್ ಆಫೀಸರ್ ಜಾಗದಲ್ಲಿ ಕೂತು ಯೋಚಿಸಿದರೂ ಒಂದು ಸಂಗತಿ ಹೊಳೆಯುತ್ತದೆ. ಮೈದಾನ ತೆರೆದರೆ ಅವರಿಗೆ ಯಾರೂ ಪದಕ ಕೊಡುವುದಿಲ್ಲ. ಈಜುಕೊಳದಲ್ಲಿ ಹೊರಗಿನ ಹುಡುಗನೊಬ್ಬ ಮುಳುಗಿದರೆ ಮಾತ್ರ ವಿಚಾರಣೆ ತಪ್ಪಿದ್ದಲ್ಲ. ಎರಡು ಮೂರು ವರ್ಷಕ್ಕೆ ವರ್ಗವಾಗುವ ಅಧಿಕಾರಿ ಆ ಉಸಾಬರಿ ಯಾಕೆ ಹಚ್ಚಿಕೊಂಡಾರು? ಹಚ್ಚಿಕೊಂಡ ಒಳ್ಳೆಯವರು ಅಲ್ಲಲ್ಲಿ ಇದ್ದಾರೆ, ಬೆಳಗಿನ ವಾಕಿಂಗಿಗೆ ಪಾಸು ಕೊಡುತ್ತಾರೆ, ಶಾಲೆಯ ಕ್ರೀಡಾಕೂಟಕ್ಕೆ ಮೈದಾನ ಬಿಡುತ್ತಾರೆ. ಅವರು ಹೋಗಿ ಹೊಸಬರು ಬಂದರೆ ಪಾಸು ರದ್ದು. ಊರಿನವರು ಮತ್ತೆ ಹೂಗುಚ್ಛ ಹಿಡಿದು ಗೇಟಿನ ಮುಂದೆ. ನಿಯಮ ಇಲ್ಲದ ಕಡೆ ನಡೆಯುವುದು ದಾಕ್ಷಿಣ್ಯ ಮಾತ್ರ, ಅದು ತೆರೆಯುವ ಅಧಿಕಾರಿಗೂ ಹೊರೆ, ಕೇಳುವ ಊರಿಗೂ ಅವಮಾನ.

ಸೇನೆಗೆ ಹೊರಗಿನ ಮಕ್ಕಳನ್ನು ಒಳಗೆ ಸೇರಿಸಿಕೊಳ್ಳಲು ಬಾರದು ಎಂದೂ ಅಲ್ಲ. ಭಾರತೀಯ ಕ್ರೀಡಾ ಪ್ರಾಧಿಕಾರದ ಜೊತೆ ಸೇರಿ ನಡೆಸುವ ಬಾಯ್ಸ್ ಸ್ಪೋರ್ಟ್ಸ್ ಕಂಪನಿಗಳಿಗೆ 8ರಿಂದ 14 ವರ್ಷದ ಹುಡುಗರನ್ನು ಆರಿಸುತ್ತಾರೆ. ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಕೇಂದ್ರದಲ್ಲೂ ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲೂ ಅವಿವೆ. ಹಳ್ಳಿಯ ಹುಡುಗ ರೆಜಿಮೆಂಟಿನ ಮಣ್ಣಿನಲ್ಲೇ ಕುಸ್ತಿ ಕಲಿಯುತ್ತಾನೆ, ಅಲ್ಲೇ ಉಂಡು ಓದುತ್ತಾನೆ. ಆಯ್ದ ಕೆಲವರಿಗೆ ಇಷ್ಟೆಲ್ಲ ಮಾಡಬಲ್ಲ ಸಂಸ್ಥೆ, ಉಳಿದ ಮಕ್ಕಳಿಗೆ ವಾರಕ್ಕೆರಡು ದಿನ ಮೈದಾನ ಬಿಡಲಾರದೇ?

ನನ್ನ ಅಭಿಪ್ರಾಯ ಇಷ್ಟು. ವಸತಿ ಸಾಲು, ಶಸ್ತ್ರಾಗಾರ, ತರಬೇತಿ ಪ್ರದೇಶ, ಆಫೀಸರ್ ಮೆಸ್ ಇವುಗಳ ಮಾತೇ ಬೇಡ, ಅವು ಅವರವು. ಬೇಲಿಯ ಅಂಚಿನಲ್ಲಿರುವ, ರಸ್ತೆಯಿಂದ ನೇರ ಬಾಗಿಲು ಮಾಡಬಹುದಾದ ಮೈದಾನಗಳಿಂದ ಶುರುಮಾಡಬೇಕು, ಕ್ಲಬ್ಬುಗಳಿಂದಲ್ಲ. ಗೇಟಿನ ಪಕ್ಕ ಒಂದು ಬೋರ್ಡು: ಯಾವ ವಾರ, ಯಾವ ಹೊತ್ತು, ಯಾವ ಗುರುತಿನ ಚೀಟಿ. ಸೇನೆಗೆ ಜಾಗ ಬೇಕಾದ ದಿನ ಕೆಂಪು ಬಾವುಟ, ಅದಕ್ಕೆ ಕಾರಣ ಕೇಳುವಂತಿಲ್ಲ. ಹುಲ್ಲು, ನೀರು, ಕಸದ ಖರ್ಚು ಪಾಲಿಕೆಯದು, ಏಕೆಂದರೆ ಆಡುವವರು ಪಾಲಿಕೆಯ ಮಕ್ಕಳು. ಹಣ ಕೊಟ್ಟು ಗಾಲ್ಫ್ ಆಡುವವರು ಆಡಲಿ, ಆ ಹಣ ಮಾತ್ರ ಖಜಾನೆಯ ಮೂಲಕವೇ ಬಂದುಹೋಗಲಿ.

ಕರ್ನಾಟಕದಲ್ಲಿ ಇದನ್ನು ಪರೀಕ್ಷಿಸಿ ನೋಡಲು ಬೆಳಗಾವಿಗಿಂತ ಒಳ್ಳೆಯ ಜಾಗವಿಲ್ಲ. ಕಾಂಗ್ರೆಸ್ ರಸ್ತೆಯ ಮಿಲಿಟರಿ ಮಹಾದೇವ ಮಂದಿರವನ್ನು ನೋಡಿಕೊಳ್ಳುವುದು ಸೇನೆಯೇ. ಹೆಸರಿನಲ್ಲೇ ಅದು ಇದೆ. ಭಾನುವಾರ ಸಾಯಂಕಾಲ ಅಲ್ಲಿಗೆ ಹೋಗುವ ಸಂಸಾರಗಳಲ್ಲಿ ದೇವರಿಗೆ ಕೈಮುಗಿಯುವುದು ಎರಡು ನಿಮಿಷ, ತೋಟದಲ್ಲಿ ಕೂತು ಮಕ್ಕಳನ್ನು ಓಡಾಡಲು ಬಿಡುವುದೇ ಬಹಳ ಹೊತ್ತು. ದೇವಸ್ಥಾನದ ನೆಪದಲ್ಲಿ ಸಿಕ್ಕ ಪಾರ್ಕು ಅದು. ಅದರ ಆಚೀಚೆ ಕ್ಯಾಂಪಿನಲ್ಲಿ ಬಯಲುಗಳಿಗೇನೂ ಕೊರತೆಯಿಲ್ಲ.

2023ರ ಏಪ್ರಿಲ್‌ನಲ್ಲಿ ಹಿಮಾಚಲದ ಖಾಸ್ ಯೋಲ್ ಕ್ಯಾಂಟೋನ್ಮೆಂಟ್ ರದ್ದಾದಂದಿನಿಂದ ಉಳಿದ ಕ್ಯಾಂಟೋನ್ಮೆಂಟ್‌ಗಳ ನಾಗರಿಕ ಪ್ರದೇಶಗಳನ್ನೂ ಪಕ್ಕದ ಪಾಲಿಕೆಗಳಿಗೆ ಸೇರಿಸುವ ಮಾತು ನಡೆದಿದೆ, ಬೆಳಗಾವಿಯ ಹೆಸರೂ ಅದರಲ್ಲಿದೆ. ಚರ್ಚೆಯಾಗುತ್ತಿರುವುದು ಆಸ್ತಿ ತೆರಿಗೆ, ಬಂಗಲೆಗಳ ಲೀಸು, ಮಂಡಳಿಯ ನೌಕರರ ಪಿಂಚಣಿ. ಮೈದಾನಗಳ ಸಮಯಪಟ್ಟಿಯನ್ನೂ ಅದೇ ಕಾಗದದಲ್ಲಿ ಬರೆಸಿಕೊಳ್ಳಲು ಇದೇ ಹೊತ್ತು. ಸಹಿ ಬಿದ್ದ ಮೇಲೆ ಕೇಳಲು ಹೋದರೆ, ಅದು ಮಿಲಿಟರಿ ಜಾಗ ಎಂದು ಪಾಲಿಕೆಯವರೂ, ಅದು ಸಿವಿಲ್ ವಿಷಯ ಎಂದು ಸ್ಟೇಷನ್ ಹೆಡ್‌ಕ್ವಾರ್ಟರ್ಸಿನವರೂ ಹೇಳುತ್ತಾರೆ.